ಹಾನಗಲ್ಲ ಸೀಮೆಯ ಗಾಯಕರೂ ಎರಡು ಸಂಗೀತ ಪದ್ಧತಿಗಳೂ

ತಂಜಾವೂರಿನಲ್ಲಿ ಹುಟ್ಟಿದ ಮಗುವಿಗೆ ತಾನು ಕಲಿಯತಕ್ಕ ಸಂಗೀತ ಯಾವದೆಂಬ ಸಂದೇಹ ಬರುವದಿಲ್ಲ. ಗ್ವಾಲ್ಹೇರದ ಮಗುವಿಗೂ ಬರುವದಿಲ್ಲ. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಉತ್ತರಾದಿಯೋ ದಕ್ಷಿಣಾದಿಯೋ ಎಂಬ ಪ್ರಶ್ನೆಯು ಮೊದಲನೆಯ ಪಾಠಕ್ಕಿಂತಲೂ ಮುಂಚೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಿತು. ಸವಣೂರು 1948ರ ವರೆಗೆ ನವಾಬರ ಸಂಸ್ಥಾನ; ಉಳಿದವು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಒಂದು ಕಡೆಗೆ ಮೈಸೂರಿನ ಅರಮನೆ, ಇನ್ನೊಂದು ಕಡೆಗೆ ಮಿರಜ, ಕೊಲ್ಹಾಪುರಗಳ ಉಸ್ತಾದರು. ಇವೆರಡರ ನಡುವೆ ಹಾಡಿ ಜೀವಿಸಬೇಕಾದವರು ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳಬೇಕಾಗುತ್ತಿದ್ದಿತು.

ಎರಡನ್ನೂ ಕಲಿತರೆ ಕೆಡುವದೇನು ಎಂದು ಕೇಳುವವರುಂಟು. ಹೆಸರು ಒಂದೇ ಆದರೂ ರಾಗ ಒಂದೇ ಅಲ್ಲವೆಂಬದು ಮೊದಲನೆಯ ತೊಡಕು. ದಕ್ಷಿಣದ ತೋಡಿಯ ಸ್ವರಗಳು ಉತ್ತರದವರ ಭೈರವಿಯನ್ನು ಹೋಲುವವು. ಉತ್ತರದವರ ತೋಡಿಯೇ ಬೇರೆ. ಉತ್ತರದ ಮಾಲಕಂಸವು ದಕ್ಷಿಣದಲ್ಲಿ ಹಿಂದೋಳವೆನಿಸುವದು, ಉತ್ತರದ ಹಿಂಡೋಲವಾದರೋ ಮತ್ತೊಂದು ರಾಗ. ಹೆಸರಿನ ಗೊಂದಲವನ್ನು ನೆನಪಿನಿಂದ ದಾಟಬಹುದು, ಕಂಠದ ಅಭ್ಯಾಸವನ್ನು ದಾಟುವದು ಕಷ್ಟ. ದಕ್ಷಿಣಾದಿಯಲ್ಲಿ ಸ್ವರಕ್ಕೆ ಗಮಕವೇ ಉಸಿರು. ಕಿರಾಣಾ ಘರಾಣೆಯ ಖ್ಯಾಲಿನಲ್ಲಾದರೋ ಸ್ವರವು ಅಲುಗದೆ, ಎಣ್ಣೆಯ ಧಾರೆಯಂತೆ ನಿಲ್ಲಬೇಕು. ಹತ್ತು ವರುಷ ಗಾಂಧಾರವನ್ನು ತೂಗಿದ ಕಂಠವು ಅದನ್ನು ಒಮ್ಮೆಲೇ ನಿಲ್ಲಿಸಲಾರದು.

ಈ ತೊಡಕನ್ನು ಚೆನ್ನಾಗಿ ತಿಳಿದವರಲ್ಲಿ ಅಂಬಾಬಾಯಿಯವರು ಒಬ್ಬರು. ಅವರ ಮನೆತನದ ಮೂಲ ಹಾನಗಲ್ಲು, ವಾಸ ಧಾರವಾಡದಲ್ಲಿ. ಅವರು ದಕ್ಷಿಣಾದಿಯ ಒಳ್ಳೆಯ ಗಾಯಕಿಯರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮಖಾನರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಹಾಡನ್ನು ಕೇಳಿ ಮೆಚ್ಚುತ್ತಿದ್ದರೆಂಬ ಮಾತು ಮನೆತನದವರ ನೆನಪಿನಲ್ಲಿ ಉಳಿದಿದೆ. 1913ನೆಯ ಇಸವಿಯ ಮಾರ್ಚ್ 5ರಂದು ಅವರಿಗೆ ಹೆಣ್ಣು ಮಗು ಹುಟ್ಟಿತು. ಮುಂದೆ ಗಂಗೂಬಾಯಿ ಹಾನಗಲ್ಲ ಎಂದು ಹೆಸರಾದವರು ಇವರೇ. ಮಗಳ ಮನಸ್ಸು ಉತ್ತರಾದಿಯ ಕಡೆಗೆ ಒಲಿದಿರುವದನ್ನು ತಾಯಿ ಕಂಡರು. ತಮ್ಮ ಪದ್ಧತಿಯ ಛಾಯೆ ಮಗಳ ಕಂಠದ ಮೇಲೆ ಬೀಳಬಾರದೆಂದು, ಅಂದಿನಿಂದ ಅಂಬಾಬಾಯಿಯವರು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು.

ಆಯ್ಕೆ ಮಗಳದು, ಬೆಲೆ ತೆತ್ತವರು ತಾಯಿ. ಗಾಯಕಿಯಾದವಳಿಗೆ ಹಾಡು ಅಲಂಕಾರವಲ್ಲ. ಅವಳ ವಿದ್ಯೆ, ಮಾನ, ಅನ್ನಗಳೆಲ್ಲ ಅದೇ. ಅಂಥದನ್ನು ಬಿಟ್ಟುಕೊಟ್ಟ ಸಂಗತಿಯನ್ನು ಸಂಗೀತದ ಚರಿತ್ರಕಾರರು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಸಾಗುವದು ನ್ಯಾಯವೆನಿಸುವದಿಲ್ಲ.

1928ರಲ್ಲಿ ಕುಟುಂಬವು ಮಗಳ ಶಿಕ್ಷಣಕ್ಕಾಗಿ ಹುಬ್ಬಳ್ಳಿಗೆ ಬಂದು ನೆಲೆಸಿತು. ಅಲ್ಲಿ ಕಿನ್ನರಿ ನುಡಿಸುವದರಲ್ಲಿ ನಿಪುಣರಾದ ಹುಲಗೂರ ಕೃಷ್ಣಾಚಾರ್ಯರು ಒಂದೇ ವರುಷದಲ್ಲಿ ಅರುವತ್ತು ಚೀಜುಗಳನ್ನು ಹೇಳಿಕೊಟ್ಟರು. (ಹುಲಗೂರು ಶಿಗ್ಗಾವಿ ತಾಲೂಕಿನ ಗ್ರಾಮ.) ಅನಂತರ ದೊರೆತ ಗುರು ಸವಾಯಿ ಗಂಧರ್ವರೆನಿಸಿದ ಕುಂದಗೋಳದ ರಾಮಭಾವು. ಇವರ ಪದ್ಧತಿ ಇದಕ್ಕೆ ತೀರ ವಿರುದ್ಧ. ರಾಗಗಳು ಕೆಲವೇ; ಒಂದೊಂದು ಸ್ವರಪಂಕ್ತಿಯನ್ನೂ ತಿದ್ದಿ ತಿದ್ದಿ ಹಾಡಿಸುವದೇ ಪಾಠ. ರಾಮಭಾವು ಅವರೇ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಕೀರ್ತಿ ಪಡೆದ ನಟರು. ನಾಟಕ ಮಂಡಳಿಗಳೊಡನೆ ಊರೂರು ತಿರುಗುತ್ತಿದ್ದುದರಿಂದ ಬಹುಕಾಲ ಪಾಠ ಬಿಟ್ಟು ಬಿಟ್ಟು ನಡೆಯಿತು. ಅವರು ಕುಂದಗೋಳದಲ್ಲಿ ನಿಂತ ಮೇಲೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಹೋಗಿ ಬಂದು ಕಲಿತರು. ಹೆಣ್ಣಿನ ಧ್ವನಿಯಲ್ಲಿ ಹಾಡಬಲ್ಲ ಗುರುವಿಗೆ, ಶಸ್ತ್ರಚಿಕಿತ್ಸೆಯ ತರುವಾಯ ಗಂಡಿನ ಧ್ವನಿಯಂತೆ ಗಂಭೀರವಾದ ಕಂಠದ ಶಿಷ್ಯೆ! ಅಂಬಾಬಾಯಿಯವರಾದರೋ 1932ರಲ್ಲಿಯೇ ತೀರಿಕೊಂಡಿದ್ದರು. ತಾವು ಮೌನದಿಂದ ಕಾಯ್ದ ಕಂಠವು ಎಲ್ಲಿಯ ವರೆಗೆ ಮುಟ್ಟಿತೆಂಬದನ್ನು ಅವರು ಕೇಳಲಿಲ್ಲ.

ಅದೇ ಹಾನಗಲ್ಲ ತಾಲೂಕಿನಲ್ಲಿ ಇದಕ್ಕೆ ಪ್ರತಿಯಾದ ಮತ್ತೊಂದು ನಿರ್ಣಯವೂ ನಡೆಯಿತು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನ ಕಂಠವನ್ನು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಗುರುತಿಸಿದರು. 1909ರಲ್ಲಿ ಬದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರೇ. ಬಾಲಕನು ಮೊದಲು ದಕ್ಷಿಣಾದಿಯನ್ನು ಕಲಿತನು. ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲ್ಹೇರ ಘರಾಣೆಯ ಖ್ಯಾಲನ್ನು ಕಲಿತನು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ಇವರೇ ಪಂಚಾಕ್ಷರಿ ಗವಾಯಿಗಳು. ಊರಿಂದೂರಿಗೆ ಸಂಚರಿಸುತ್ತ ಅಂಧರಿಗೂ ಅನಾಥರಿಗೂ ಅನ್ನದೊಡನೆ ವಿದ್ಯೆಯನ್ನಿತ್ತು, ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆಸಿದರು.

ಆಶ್ರಮದಲ್ಲಿ ಎರಡು ಪದ್ಧತಿಗಳನ್ನೂ ಉಳಿಸಿದ್ದು ಕೇವಲ ಔದಾರ್ಯದಿಂದಲ್ಲವೆಂದು ತೋರುವದು. ಕಣ್ಣಿಲ್ಲದ ಹುಡುಗನು ಆಶ್ರಮವನ್ನು ಬಿಟ್ಟ ದಿನ ಯಾವ ಊರಲ್ಲಿ ನಿಲ್ಲುವನೋ ಯಾರು ಬಲ್ಲರು? ಒಂದೂರಿನವರು ಖ್ಯಾಲು ಕೇಳುವರು, ಇನ್ನೊಂದೂರಿನವರು ಪುರಾಣಕ್ಕೆ ಹಾರ್ಮೋನಿಯಮ್ ನುಡಿಸೆನ್ನುವರು, ನಾಟಕದವರಿಗೆ ತಬಲಾದವನು ಬೇಕಾಗುವನು. ಹಲವು ಬಲ್ಲವನಿಗೆ ಹಸಿವು ಕಡಿಮೆ. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರು ಈ ಶಿಕ್ಷಣದ ಪೂರ್ಣಫಲ. ಎರಡೂ ಪದ್ಧತಿಗಳ ಗಾಯನ, ಹಾರ್ಮೋನಿಯಮ್, ತಬಲಾ, ಪಿಟೀಲು ಮೊದಲಾದ ವಾದ್ಯಗಳು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥರಚನೆ, ಆಶ್ರಮದ ಮಂಡಳಿಗಾಗಿ ನಾಟಕಗಳು, ಇಷ್ಟೂ ಒಬ್ಬರಲ್ಲಿ ಕೂಡಿದ್ದವು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರವೂ ಇವರ ಮೇಲೆಯೇ ಬಿದ್ದಿತು.

ಆದರೂ ಒಂದು ಮಾತನ್ನು ಮರೆಮಾಚಲಾಗದು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಎಂ. ವೆಂಕಟೇಶಕುಮಾರ ಮೊದಲಾಗಿ ಆಶ್ರಮದಿಂದ ಹೊರಟು ದೊಡ್ಡ ಹೆಸರು ಗಳಿಸಿದವರು ಹಿಂದುಸ್ತಾನಿ ಗಾಯಕರೆಂದೇ ಗಳಿಸಿದರು. ಇದಕ್ಕೆ ಸ್ವರಶಾಸ್ತ್ರಕ್ಕಿಂತ ಹೊರಗಿನ ಕಾರಣಗಳೇ ಹೆಚ್ಚು. ಹುಬ್ಬಳ್ಳಿಯಿಂದ ಮಿರಜ, ಪುಣೆಗಳಿಗೆ ರೇಲ್ವೆಯಿದ್ದಿತು. ಮರಾಠಿ ನಾಟಕ ಮಂಡಳಿಗಳು ಈ ಸೀಮೆಯನ್ನು ವರುಷ ವರುಷ ಸುತ್ತುತ್ತಿದ್ದವು. ಧ್ವನಿಮುದ್ರಿಕೆಯ ಕಂಪನಿಗಳು ಮುಂಬಯಿಯಲ್ಲಿದ್ದವು. ಗಂಗೂಬಾಯಿಯವರ ಮೊದಲ ಮುದ್ರಿಕೆಗಳು ಹೊರಬಂದದ್ದೂ ಮುಂಬಯಿಯಿಂದಲೇ.

ಈ ಭೇದದ ಗೊಡವೆಯಿಲ್ಲದ ಹಾಡುಗಳೂ ಇಲ್ಲಿ ಬಾಳಿದವು. ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರ ಪದಗಳನ್ನು ಎರಡೂ ಪದ್ಧತಿಯವರು ಹಾಡುವರು. ಶಿಶುವಿನಹಾಳದ ಶರೀಫರ ಪದಗಳನ್ನಂತೂ ಭಜನೆಯವರು ಏಕತಾರಿಯನ್ನು ಹಿಡಿದು ಯಾರ ಅಪ್ಪಣೆಯನ್ನೂ ಕೇಳದೆ ಹಾಡಿಕೊಂಡು ಬಂದಿದ್ದಾರೆ.

ಗಂಗೂಬಾಯಿಯವರು 2009ರ ಜುಲೈ 21ರಂದು ತೀರಿಕೊಂಡರು; ಪುಟ್ಟರಾಜರು 2010ರ ಸೆಪ್ಟೆಂಬರ್ 17ರಂದು. ಗಂಗೂಬಾಯಿಯವರ ಮಗಳು ಕೃಷ್ಣಾ ತಾಯಿಯ ಬೆನ್ನಿಗೆ ಕುಳಿತು ಬಹು ವರುಷ ಖ್ಯಾಲನ್ನೇ ಹಾಡಿ, 2004ರಲ್ಲಿ ತಾಯಿಗಿಂತ ಮೊದಲೇ ಹೋಗಿದ್ದರು.