ಅಜ್ಜ-ಅಜ್ಜಿಯರ ಕಾಲದ ಹೆಸರುಗಳು: ಯಾರಿಗೆ ಯಾವುದು ಒಪ್ಪುತ್ತದೆ?

ಮಗುವಿನ ದೀಕ್ಷಾಸ್ನಾನಕ್ಕೆ ದಿನ ಗೊತ್ತುಮಾಡಲು ಚರ್ಚ್ ಕಚೇರಿಗೆ ಬರುವ ಯುವ ದಂಪತಿಗಳಲ್ಲಿ ಕೆಲವರು ಕೇಳುವ ಪ್ರಶ್ನೆ ಒಂದಿದೆ: "ಅಜ್ಜನ ಹೆಸರನ್ನೇ ಇಡಬೇಕೆಂದು ಆಸೆ. ಆದರೆ ಅದು ತೀರಾ ಹಳೆಯದಾಯಿತೇ?" ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳು, ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆಯುವವರು, ಸನ್ಯಾಸ ಜೀವನಕ್ಕೆ ಸೇರುವವರು ಸಹ ಹೆಸರಿನ ಬಗ್ಗೆ ವಿಚಾರಿಸುವುದುಂಟು. ನಮ್ಮ ಕರಾವಳಿಯ ಕಥೋಲಿಕರಲ್ಲಿ ಹಿಂದೆ ಬಳಕೆಯಲ್ಲಿದ್ದ ಹೆಸರುಗಳು ಎಲ್ಲಿಂದ ಬಂದವು, ಒಬ್ಬರ ಗುಣಸ್ವಭಾವಕ್ಕೆ ಹೊಂದುವ ಹೆಸರನ್ನು ಆರಿಸುವುದು ಹೇಗೆ ಎಂಬುದನ್ನು ಹೆತ್ತವರ, ಧರ್ಮೋಪದೇಶ ಶಿಕ್ಷಕರ ಮತ್ತು ಕಚೇರಿ ಸಿಬ್ಬಂದಿಯ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇವೆ.

ಹೆಸರು ಕೇಳಿದರೆ ಕಾಲ ತಿಳಿಯುತ್ತದೆ

ಅತಿ ಹಳೆಯ ಪದರ ಗೋವೆಯಿಂದ ಬಂದ ನಮ್ಮ ಹಿರಿಯರದು. ಸಂತರ ಹೆಸರುಗಳು ಪೋರ್ಚುಗೀಸ್ ಭಾಷೆಯ ಮೂಲಕ ಕೊಂಕಣಿಗೆ ಬಂದು, ನಾಲಿಗೆಗೆ ಒಗ್ಗುವಂತೆ ರೂಪ ಪಡೆದವು. ಯೊವಾನ್ನ ಜುವಾಂವ್ ಆದ, ಜೋಸೆಫ್ ಜುಜೆ ಆದ, ಇಗ್ನೇಷಿಯಸ್ ಇನಾಸ್ ಆದ, ಸೆಬೆಸ್ಟಿಯನ್ ಬಸ್ತ್ಯಾಂವ್ ಆದ, ಮೈಕಲ್ ಮಿಂಗೆಲ್ ಆದ, ಡೊಮಿನಿಕ್ ದುಮಿಂಗ್ ಆದ. ಪೆದ್ರು, ಪಾವ್ಲು, ಕಾಯ್ತಾನ್, ರುಜಾರ್ ಇದೇ ಸಾಲಿನವು. ಹೆಂಗಸರಲ್ಲಿ ಕತ್ರಿನ್, ಕಾರ್ಮಿನ್, ಅಪೊಲಿನ್, ಸೆವ್ರಿನ್. ಇವುಗಳಲ್ಲಿ ಅನೇಕವು ಮನೆಯಲ್ಲಿ ಕರೆಯುವ ರೂಪಗಳು. ಚರ್ಚಿನ ರಿಜಿಸ್ಟರಿನಲ್ಲಿ ಅದೇ ವ್ಯಕ್ತಿಯ ಹೆಸರು ಲ್ಯಾಟಿನ್ ಅಥವಾ ಇಂಗ್ಲಿಷ್ ರೂಪದಲ್ಲಿರಬಹುದು. ಹಳೆಯ ದಾಖಲೆ ಹುಡುಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇನಾಸಜ್ಜನನ್ನು ಇನಾಸ್ ಎಂದೇ ಹುಡುಕುತ್ತಾ ಹೋದರೆ ಪುಟ ತಿರುವಿದ್ದೇ ಬಂತು.

1878ರ ಕೊನೆಯ ದಿನ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅಲೋಶಿಯಸ್, ಸ್ತಾನಿಸ್ಲಾಸ್, ಗೊನ್ಜಾಗಾ ಮುಂತಾದ ಹೆಸರುಗಳು ನಮ್ಮ ಕಿವಿಗೆ ಇಷ್ಟೊಂದು ಪರಿಚಿತವಾಗಲು ಆ ಪ್ರಭಾವವೂ ಕಾರಣ. ಅದರ ಜೊತೆಯಲ್ಲೇ ಇಂಗ್ಲಿಷ್ ಶಿಕ್ಷಣ ಬಂತು. ಆಲ್ಬರ್ಟ್, ವಿಕ್ಟರ್, ಸಿರಿಲ್, ವಿಲ್ಫ್ರೆಡ್, ಗ್ಲ್ಯಾಡಿಸ್, ಹಿಲ್ಡಾ, ವಯೊಲೆಟ್, ಐರಿನ್ ಬಂದರು. ಕೇಂದ್ರ ಸಚಿವರಾಗಿದ್ದ ಜಾರ್ಜ್ ಫೆರ್ನಾಂಡಿಸ್ ಅವರು ಹುಟ್ಟಿದ್ದು 1930ರ ಜೂನ್ 3ರಂದು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಹುಟ್ಟಿದ ದಿನವೂ ಅದೇ ಆಗಿದ್ದರಿಂದ, ದೊರೆಯ ಅಭಿಮಾನಿಯಾಗಿದ್ದ ತಾಯಿ ಚೊಚ್ಚಲ ಮಗನಿಗೆ ಆ ಹೆಸರಿಟ್ಟರು. ಆ ಮಗನ ಸ್ವಭಾವ ರಾಜಮನೆತನಕ್ಕೆ ಎಷ್ಟು ಒಪ್ಪಿತೆಂದು ದೇಶಕ್ಕೇ ಗೊತ್ತು.

ಇನ್ನೊಂದು ಗುಂಪಿನ ಹೆಸರುಗಳಿಗೆ ಹೆಚ್ಚುಕಡಿಮೆ ದಿನಾಂಕವನ್ನೇ ಹಾಕಬಹುದು. ಲಿಸ್ಯೂವಿನ ತೆರೇಸಾ 1925ರಲ್ಲಿ ಸಂತಳೆಂದು ಘೋಷಿತಳಾದಳು, ಬರ್ನಡೆಟ್ 1933ರಲ್ಲಿ, ಜಾನ್ ಬೋಸ್ಕೊ 1934ರಲ್ಲಿ, ಮರಿಯಾ ಗೊರೆಟ್ಟಿ 1950ರಲ್ಲಿ, ಹತ್ತನೇ ಪಿಯುಸ್ ಮತ್ತು ಡೊಮಿನಿಕ್ ಸಾವಿಯೊ 1954ರಲ್ಲಿ. ಮಾತೆ ಮರಿಯಳ ಸ್ವರ್ಗಸ್ವೀಕಾರವನ್ನು ವಿಶ್ವಾಸಸತ್ಯವೆಂದು ಸಾರಿದ್ದು ಸಹ 1950ರಲ್ಲೇ. ಅಸಂಪ್ಟಾ ಎಂಬ ಹೆಸರು ಕೇಳಿದಾಗ ಆ ವರ್ಷ ನೆನಪಾಗುತ್ತದೆ. ಗೊರೆಟ್ಟಿ ಎಂಬ ಹೆಸರಿನ ಅಜ್ಜಿ 1950ಕ್ಕಿಂತ ಬಹಳ ಹಿಂದೆ ಹುಟ್ಟಿರುವ ಸಾಧ್ಯತೆ ಕಡಿಮೆ. 2025ರ ಸೆಪ್ಟೆಂಬರ್ 7ರಂದು ಕಾರ್ಲೊ ಅಕುತಿಸ್ ಸಂತನೆಂದು ಘೋಷಿತನಾದ ಮೇಲೆ ಕಾರ್ಲೊ ಎಂಬ ಹೆಸರಿಗೂ ಇದೇ ಆಗಬಹುದು.

ಎರಡನೇ ವ್ಯಾಟಿಕನ್ ಮಹಾಸಭೆಯ (1962-65) ನಂತರ ಭಾರತೀಯ ಹೆಸರುಗಳಿಗೆ ಬಾಗಿಲು ಅಗಲವಾಗಿ ತೆರೆಯಿತು. ಸುನೀತಾ, ಜ್ಯೋತಿ, ಪ್ರವೀಣ್, ಜೀವನ್, ರೋಶನ್ ಬಂದರು. ಅವರಿಗೂ ಈಗ ಐವತ್ತರ ಆಸುಪಾಸು. ಆ ಹೆಸರುಗಳೂ ಹಳೆಯವಾಗುತ್ತಿವೆ. ಬಳಿಕ ತಂದೆ-ತಾಯಿಯರ ಹೆಸರಿನ ಅಕ್ಷರ ಜೋಡಿಸಿದ ಹೆಸರುಗಳು, ಮೆಲ್ವಿನ್, ರೊಯ್‌ಸ್ಟನ್ ಬಗೆಯವು, ಮನೆಮನೆಯಲ್ಲಿ ಕೇಳಿಬಂದವು.

ನಾವೇ ನಕ್ಕು ದೂರ ಮಾಡಿದ ಹೆಸರುಗಳು

ಇನಾಸ್, ಬಸ್ತ್ಯಾಂವ್, ಕಾಯ್ತಾನ್ ಏಕೆ ಮರೆಯಾದರು? ಹಳೆಯದಾದುದೇ ಕಾರಣವಾದರೆ ಪೀಟರ್, ಪಾವ್ಲ್, ಅನ್ನಾ ಸಹ ಹೋಗಬೇಕಿತ್ತು. ಚರ್ಚ್ ವಾರ್ಷಿಕೋತ್ಸವದ ನಾಟಕಗಳಲ್ಲಿ, ಪ್ರಹಸನಗಳಲ್ಲಿ ಕುಡುಕನಿಗೋ ಪೆದ್ದ ಆಳಿಗೋ ಇಂಥ ಹೆಸರಿಟ್ಟು ನಗಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿತ್ತು. ಗದ್ದೆಯಲ್ಲಿ ದುಡಿದ ಅಜ್ಜನ ಹೆಸರು ಪೇಟೆಯ ಶಾಲೆಗೆ ಹೋಗುವ ಮೊಮ್ಮಗನಿಗೆ ನಾಚಿಕೆಯಾಯಿತು. ಹೆಸರಿನಲ್ಲಿ ಯಾವ ದೋಷವೂ ಇರಲಿಲ್ಲ. ಇನಾಸ್ ಎಂದರೆ ಲೊಯೊಲಾದ ಸಂತ ಇಗ್ನೇಷಿಯಸ್. ಕಾಯ್ತಾನ್ ಎಂದರೆ ಬಡವರ ಸೇವೆಗೆ ಹೆಸರಾದ ಸಂತ ಕಜೆತಾನ್.

ಆದ್ದರಿಂದ ಮನೆಯಲ್ಲಿ ಪ್ರೀತಿಯಿಂದ ಕರೆದ ರೂಪವನ್ನೇ ಇಡಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ: ಖಂಡಿತ ಇಡಬಹುದು. 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಕ್ರೈಸ್ತ ಹೆಸರಿಡುವಂತೆ ಧರ್ಮಗುರು ನೋಡಿಕೊಳ್ಳಬೇಕಿತ್ತು; ಹೆತ್ತವರು ಒಪ್ಪದಿದ್ದರೆ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. 1983ರ ಸಂಹಿತೆಯ 855ನೇ ನಿಯಮ ಕೇಳುವುದು ಇಷ್ಟೇ: ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಕೊಡದಂತೆ ಹೆತ್ತವರು, ಪದ್ರಿನ್-ಮಾದ್ರಿನ್ ಮತ್ತು ಧರ್ಮಗುರು ಎಚ್ಚರ ವಹಿಸಬೇಕು. ಕ್ರೈಸ್ತ ರಹಸ್ಯವನ್ನೋ ಸದ್ಗುಣವನ್ನೋ ಸೂಚಿಸುವ ಹೆಸರೂ ಆಗಬಹುದೆಂದು 1992ರ ಧರ್ಮೋಪದೇಶ ಗ್ರಂಥದ 2156ನೇ ಪರಿಚ್ಛೇದ ಹೇಳುತ್ತದೆ. ಇನಾಸ್‌ಗೂ ತಡೆಯಿಲ್ಲ, ಕೃಪಾಳಿಗೂ ತಡೆಯಿಲ್ಲ.

ಸ್ವಭಾವಕ್ಕೆ ಹೊಂದುವ ಹೆಸರು

ಎಂಟು ದಿನದ ಕೂಸಿನ ಸ್ವಭಾವ ಯಾರಿಗೆ ಗೊತ್ತು? ಶಾಂತಿ ಎಂದು ಹೆಸರಿಟ್ಟ ಮಗು ಇಡೀ ವಾಳೆಯನ್ನೇ ಎಬ್ಬಿಸುವಂತೆ ಅಳಬಹುದು. ಶಿಶುವಿಗೆ ಹಳೆಯ ಹೆಸರು ಆರಿಸುವಾಗ ಮಗುವಿನ ಭವಿಷ್ಯ ಊಹಿಸುವ ಬದಲು, ಆ ಹೆಸರನ್ನು ಹೊತ್ತಿದ್ದ ಹಿರಿಯರನ್ನು ನೆನೆಯುವುದು ಮೇಲು. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಹಿರಿಮಗಳಿಗೆ ತಂದೆಯ ತಾಯಿಯ ಹೆಸರು ಎಂಬ ಪದ್ಧತಿ ಹಲವು ಕುಟುಂಬಗಳಲ್ಲಿತ್ತು. ಅದರಿಂದ ಮನೆಗಳಲ್ಲಿ ಮನಸ್ತಾಪವೂ ಆಗುತ್ತದೆ: ತಾಯಿಯ ಕಡೆಯವರ ಹೆಸರು ಯಾವಾಗ? ಈ ಜಗಳ ಹೊಸದಲ್ಲ. ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ನೆರೆಹೊರೆಯವರೂ ಬಂಧುಗಳೂ ಸೇರಿ ಮಗುವಿಗೆ ತಂದೆಯ ಹೆಸರಾದ ಜಕರೀಯ ಎಂದೇ ಇಡಲು ಹೊರಟರು. ಎಲಿಜಬೇತಳು ಯೊವಾನ್ನ ಎಂದಾಗ, ನಿಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಆಕ್ಷೇಪಿಸಿದರು. ಕೊನೆಗೆ ಮಾತು ನಿಂತುಹೋಗಿದ್ದ ತಂದೆ ಹಲಗೆಯ ಮೇಲೆ ಬರೆದು ತಾಯಿಯ ಮಾತನ್ನೇ ಎತ್ತಿಹಿಡಿದ. ಬಂಧುಗಳ ಸಲಹೆ ಕೇಳಿ, ಆದರೆ ತೀರ್ಮಾನ ಹೆತ್ತವರದ್ದಾಗಿರಲಿ ಎಂಬುದು ನಮ್ಮ ಅಭಿಪ್ರಾಯ.

ವ್ಯಕ್ತಿಯ ಸ್ವಭಾವ ನೋಡಿ ಹೆಸರಿಡುವುದು ಬೆಳೆದವರ ವಿಷಯದಲ್ಲಿ ಮಾತ್ರ ಸರಿಯಾಗಿ ಸಾಧ್ಯ. ಬೈಬಲಿನಲ್ಲೂ ಹಾಗೆಯೇ. ಸಿಮೋನನು ಬಂಡೆ ಎಂಬ ಅರ್ಥದ ಪೇತ್ರನಾದ. ಯಕೋಬ-ಯೊವಾನ್ನ ಸಹೋದರರಿಗೆ ಯೇಸು ಗುಡುಗಿನ ಮಕ್ಕಳು ಎಂದು ಹೆಸರಿಟ್ಟರು. ಸೈಪ್ರಸಿನ ಜೋಸೆಫನನ್ನು ಪ್ರೇಷಿತರು ಬಾರ್ನಬ, ಅಂದರೆ ಧೈರ್ಯ ತುಂಬುವವನು, ಎಂದು ಕರೆದರು. ಎಲ್ಲರೂ ಹೆದರಿ ದೂರವಿಟ್ಟಿದ್ದ ಸೌಲನನ್ನು ಕೈಹಿಡಿದು ಪ್ರೇಷಿತರ ಬಳಿಗೆ ಕರೆತಂದವನು ಆತನೇ. ತರಗತಿಗೆ ಹೊಸದಾಗಿ ಬಂದ ಮಗುವಿನ ಪಕ್ಕದಲ್ಲಿ ತಾನಾಗಿ ಹೋಗಿ ಕುಳಿತುಕೊಳ್ಳುವ ಹುಡುಗನಿಗೆ ಇದಕ್ಕಿಂತ ಒಪ್ಪುವ ಹೆಸರು ನಮಗೆ ತೋಚುವುದಿಲ್ಲ.

ನಮ್ಮ ಕಾಲದಲ್ಲೂ ಉದಾಹರಣೆಗಳಿವೆ. ಆಗ್ನೆಸ್ ಎಂಬ ಅಲ್ಬೇನಿಯನ್ ಯುವತಿ ಸನ್ಯಾಸಿನಿಯಾದಾಗ ಲಿಸ್ಯೂವಿನ ತೆರೇಸಾಳ ಹೆಸರನ್ನು ಆರಿಸಿಕೊಂಡಳು; ಆಕೆಯೇ ಕೋಲ್ಕತ್ತದ ಮದರ್ ತೆರೇಸಾ. 2025ರ ಮೇ 8ರಂದು ಆಯ್ಕೆಯಾದ ಪೋಪ್ ಅವರು, 1903ರಲ್ಲಿ ನಿಧನರಾದ ಹದಿಮೂರನೇ ಲಿಯೊ ಅವರ ನಂತರ ಯಾವ ಪೋಪರೂ ಇಟ್ಟುಕೊಳ್ಳದಿದ್ದ ಹೆಸರನ್ನು ತೆಗೆದುಕೊಂಡರು. ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಕಾರ್ಮಿಕರ ಪರವಾಗಿ ಬರೆದ ಪೋಪರ ಹೆಸರು, ಕೃತಕ ಬುದ್ಧಿಮತ್ತೆಯ ಈ ಕಾಲದ ಕೆಲಸಕ್ಕೆ ತಕ್ಕುದೆಂದು ಅವರೇ ಕಾರ್ಡಿನಲರಿಗೆ ವಿವರಿಸಿದರು.

ದೃಢೀಕರಣದ ಸಮಯದಲ್ಲಿ ಹೊಸ ಹೆಸರು ತೆಗೆದುಕೊಳ್ಳಬೇಕೆಂಬ ಕಡ್ಡಾಯ ಧರ್ಮಸಭೆಯ ಕಾನೂನಿನಲ್ಲಿಲ್ಲ, ಕೆಲವೆಡೆ ರೂಢಿಯಿದೆ. ರೂಢಿ ಇರುವಲ್ಲಿ ಶಿಕ್ಷಕರು ಪಟ್ಟಿ ಹಿಡಿದು ಹಂಚುವ ಬದಲು ಸಂತರ ಕತೆ ಹೇಳಿ ಮಕ್ಕಳೇ ಆರಿಸುವಂತೆ ಬಿಡಬೇಕು. ಮಾರ್ತಳನ್ನೇ ನೋಡಿ. ಮನೆಗೆಲಸ ಚೆನ್ನಾಗಿ ಮಾಡುವ ಹುಡುಗಿಗೆ ಮಾರ್ತಾ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಯೊವಾನ್ನನ ಶುಭಸಂದೇಶದ ಹನ್ನೊಂದನೇ ಅಧ್ಯಾಯದಲ್ಲಿ, ತಮ್ಮ ಸತ್ತು ಮನೆಯಲ್ಲಿ ಶೋಕ ತುಂಬಿರುವಾಗ ಎದ್ದು ಊರ ಹೊರಗೆ ಹೋಗಿ, ನೀವು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎಂದು ಯೇಸುವಿಗೆ ನೇರವಾಗಿ ಹೇಳುವವಳು ಅವಳೇ. ಮನಸ್ಸಿನಲ್ಲಿದ್ದುದನ್ನು ಮುಖಕ್ಕೆ ಹೇಳುವ, ನಂಬಿಕೆಯಲ್ಲಿ ಗಟ್ಟಿಯಾದ ಹುಡುಗಿಗೆ ಆ ಹೆಸರು ಸಲ್ಲುತ್ತದೆ. ಪ್ರಶ್ನೆ ಕೇಳುತ್ತಲೇ ಇರುವ ಹುಡುಗನಿಗೆ ತೋಮಸ್ ಎಂದು ತಮಾಷೆ ಮಾಡುವವರು, ಅವರೊಡನೆ ಸಾಯಲು ನಾವೂ ಹೋಗೋಣ ಎಂದವನೂ ಅದೇ ತೋಮಸ್ ಎಂಬುದನ್ನು ಮರೆಯಬಾರದು.

ಅತ್ತೂರಿನಿಂದಾಗಿ ನಮ್ಮ ನಾಡಿಗೆ ಹತ್ತಿರದವನಾದ ಸಂತ ಲಾರೆನ್ಸ್ ಕಷ್ಟದಲ್ಲೂ ನಗಿಸುವವರಿಗೆ ಒಪ್ಪುತ್ತಾನೆ. ಧರ್ಮಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದಾಗ ಬಡವರನ್ನು ಕರೆತಂದು ನಿಲ್ಲಿಸಿದನೆಂದೂ, ಕಾದ ಕಬ್ಬಿಣದ ಮೇಲೆ ಮಲಗಿಸಿದಾಗಲೂ ಮಗ್ಗುಲು ಬದಲಿಸಿ ಎಂದು ಹಾಸ್ಯ ಮಾಡಿದನೆಂದೂ ಪರಂಪರೆ ಹೇಳುತ್ತದೆ. ಕೃಷಿಯಲ್ಲಿ ಆಸಕ್ತಿಯಿದ್ದವರಿಗೆ 1622ರಲ್ಲಿ ಇಗ್ನೇಷಿಯಸ್, ಫ್ರಾನ್ಸಿಸ್ ಝೇವಿಯರ್ ಜೊತೆಯಲ್ಲೇ ಸಂತನಾದ ರೈತ ಇಸಿದೋರ್, ರೋಗಿಗಳ ಆರೈಕೆ ಮಾಡುವವರಿಗೆ ಕಮಿಲಸ್, ಬಟ್ಟೆ ಹೊಲಿದು ವಿಧವೆಯರಿಗೆ ಕೊಡುತ್ತಿದ್ದ ತಬಿತಾ, ಗಾಯನ ಮಂಡಳಿಯವರಿಗೆ ಸಿಸಿಲಿಯಾ.

ಅರ್ಥದ ಪುಸ್ತಕ ನೋಡಿ ಹೆಸರಿಡುವವರಿಗೆ ಒಂದು ಮಾತು. ಫೆಲಿಕ್ಸ್ ಎಂದರೆ ಸಂತೋಷದವನು, ಹಿಲರಿ ಎಂದರೆ ಹರ್ಷಚಿತ್ತ, ಪ್ಲಾಸಿಡ್ ಎಂದರೆ ಶಾಂತ, ಯುಲಾಲಿಯಾ ಎಂದರೆ ಸೊಗಸಾಗಿ ಮಾತನಾಡುವವಳು, ಇವೆಲ್ಲ ಚೆನ್ನ. ಆದರೆ ಸಿಸಿಲಿಯಾ ಎಂಬುದರ ಮೂಲದಲ್ಲಿ ಕುರುಡು ಎಂಬ ಲ್ಯಾಟಿನ್ ಪದವಿದೆ, ಪಾವ್ಲ್ ಎಂದರೆ ಚಿಕ್ಕವನು, ಸೆವ್ರಿನ್‌ನ ಮೂಲ ಅರ್ಥ ಕಠಿಣ. ನಮ್ಮ ಸೆವ್ರಿನ್ ಬಾಯಿಗಳು ಹಂಚಿದ ಕುಸ್ವಾರ್ ತಿಂದವರು ಆ ಅರ್ಥವನ್ನು ಒಪ್ಪಲಿಕ್ಕಿಲ್ಲ. ಹೆಸರಿಗೆ ಬಣ್ಣ ಕೊಡುವುದು ನಿಘಂಟಲ್ಲ, ಅದನ್ನು ಹೊತ್ತು ಬಾಳಿದವರು.

ಹಬ್ಬದ ದಿನಾಂಕದ ಗೊಂದಲ

ಹಿಂದೆ ಮಗು ಹುಟ್ಟಿದ ದಿನದ ಸಂತರ ಹೆಸರನ್ನೇ ಇಡುವುದಿತ್ತು. ಅಜ್ಜನ ಜನ್ಮದಿನಕ್ಕೂ ಇಂದಿನ ಪಂಚಾಂಗಕ್ಕೂ ತಾಳೆಯಾಗದಿದ್ದರೆ ಗಾಬರಿ ಬೇಡ. 1969ರಲ್ಲಿ ಪಂಚಾಂಗ ಪರಿಷ್ಕೃತವಾಯಿತು. ತೋಮಸನ ಹಬ್ಬ ಡಿಸೆಂಬರ್ 21ರಿಂದ ಜುಲೈ 3ಕ್ಕೆ, ಮೋನಿಕಾಳದ್ದು ಮೇ 4ರಿಂದ ಆಗಸ್ಟ್ 27ಕ್ಕೆ, ಜೋಕಿಮನದ್ದು ಆಗಸ್ಟ್ 16ರಿಂದ ಜುಲೈ 26ಕ್ಕೆ, ಡೊಮಿನಿಕನದ್ದು ಆಗಸ್ಟ್ 4ರಿಂದ 8ಕ್ಕೆ ಸರಿಯಿತು. ಫಿಲೊಮಿನಾಳ ಹಬ್ಬವನ್ನು 1961ರಲ್ಲೇ ಪಂಚಾಂಗದಿಂದ ಕೈಬಿಡಲಾಗಿತ್ತು. ಆದರೂ ಅಜ್ಜಿಯ ನೆನಪಿಗೆ ಫಿಲೊಮಿನಾ ಎಂದು ಹೆಸರಿಡಲು ಅದರಿಂದ ಅಡ್ಡಿಯೇನಿಲ್ಲ.

ಕಾಗದಪತ್ರದ ವಿಷಯ

ಹೆಸರನ್ನು ಒಂದು ವಾರ ಮನೆಯಲ್ಲಿ ಗಟ್ಟಿಯಾಗಿ ಕರೆದು ನೋಡಿ, ಉಪನಾಮದ ಜೊತೆ ಸೇರಿಸಿ ಹೇಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ನೋಡಿ. ಮುಂಬಯಿಯಲ್ಲೋ ಗಲ್ಫಿನಲ್ಲೋ ಬೆಳೆಯುವ ಮಗುವಾದರೆ ಅಲ್ಲಿನವರ ಬಾಯಲ್ಲಿ ಅದು ಏನಾಗುತ್ತದೆಂದು ಯೋಚಿಸಿ. ಅಳುಕಿದ್ದರೆ ಹಳೆಯ ಹೆಸರನ್ನು ಎರಡನೆಯದಾಗಿ ಇಡುವುದೂ ಒಳ್ಳೆಯ ಉಪಾಯ.

ನಿಶ್ಚಯವಾದ ಮೇಲೆ ಜನನ ಪ್ರಮಾಣಪತ್ರದಲ್ಲೂ ದೀಕ್ಷಾಸ್ನಾನದ ರಿಜಿಸ್ಟರಿನಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಕಾಗುಣಿತ ಇರಲಿ. ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ, ಬಳಿಕ 15 ವರ್ಷಗಳವರೆಗೆ ವಿಳಂಬ ಶುಲ್ಕ ಕೊಟ್ಟು ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದ ಕೆಲಸಗಳಲ್ಲಿ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರವಾದ್ದರಿಂದ ಅದನ್ನು ಮೊದಲು ಸರಿಮಾಡಿಸಿ, ಪ್ರತಿಯನ್ನು ಕಚೇರಿಗೆ ತನ್ನಿ. ದೊಡ್ಡವರು ದೀಕ್ಷಾಸ್ನಾನ ಪಡೆಯುವಾಗ ತಮ್ಮ ಹೆಸರನ್ನು ಬಿಡಲೇಬೇಕೆಂದಿಲ್ಲ. ಹೊಸ ಹೆಸರು ಬೇಕೆಂದರೆ ಮಾದ್ರಿನ್ ಸೂಚಿಸಿದ್ದನ್ನು ಬರೆದುಕೊಳ್ಳುವ ಮೊದಲು ಕಚೇರಿಯವರು ಅದನ್ನು ಹೊರುವವರನ್ನೇ ಒಮ್ಮೆ ಕೇಳಬೇಕು.