ಬಿಳಿ ಸರೋವರದ ಹೆಬ್ಬಾತು

1790ರಲ್ಲಿ ಆಂಗ್ಲ ಪಕ್ಷಿಶಾಸ್ತ್ರಜ್ಞ ಜಾನ್ ಲೇಥಮನು ಪಟ್ಟೆತಲೆಯ ಹೆಬ್ಬಾತಿಗೆ ಇಂಡಿಯದ ಹೆಸರನ್ನಿಟ್ಟನು. ನಮ್ಮ ಬಯಲುಸೀಮೆಗಾದರೋ ಅದು ಚಳಿಗಾಲದ ಅತಿಥಿ ಮಾತ್ರ. ಲಡಾಖಿನಲ್ಲಿ ಕೆಲವು ಗೂಡುಕಟ್ಟುವುವಾದರೂ ಅದರ ನಿಜವಾದ ತವರು ಟಿಬೆಟ್ಟು, ಮಂಗೋಲಿಯಗಳ ಎತ್ತರದ ಸರೋವರಗಳು.

ಮಂಗೋಲಿಯದ ಖಾಂಗಾಯಿ ಪರ್ವತಗಳ ನಡುವೆ, ಜ್ವಾಲಾಮುಖಿಯ ಶಿಲಾರಸವು ನದಿಗೆ ಅಡ್ಡಗಟ್ಟಿದುದರಿಂದ ಉಂಟಾದ ‘ಬಿಳಿ ಸರೋವರ’ವಿದೆ. ಸುತ್ತಲೂ ಹುಲ್ಲುಗಾವಲು. ಚಳಿಗಾಲದಲ್ಲಿ ಅಲ್ಲಿ ನೀರೇ ಕಲ್ಲಾಗುವುದು. ಅಷ್ಟರೊಳಗೆ ಹೆಬ್ಬಾತುಗಳು ಹಿಮಾಲಯವನ್ನು ದಾಟಬೇಕು. ಎವರೆಸ್ಟಿನ ನೆತ್ತಿಯ ಮೇಲೆಯೇ ಅವು ಹಾರುವುವೆಂಬ ಕಥೆ ಬಹುಕಾಲ ನಡೆದುಬಂದಿತು. ಯಂತ್ರವನ್ನು ಕಟ್ಟಿ ಅಳೆದಾಗ ಕಂಡ ಅತ್ಯುನ್ನತಿ 7,290 ಮೀಟರು. ಹಾರಾಟದ ಬಹುಭಾಗವೆಲ್ಲ ಅದಕ್ಕಿಂತ ಬಹಳ ಕೆಳಗೇ. ಕಥೆಗಿಂತ ಈ ಜಾಣತನವೇ ನನಗೆ ಹೆಚ್ಚು ಮೆಚ್ಚುಗೆ.

2005ರಲ್ಲಿ ಚೀನದ ಚಿಂಗ್‌ಹಾಯಿ ಸರೋವರದಲ್ಲಿ ಹಕ್ಕಿಜ್ವರವು ತಗುಲಿ ಆರು ಸಾವಿರಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತುವು. ಅವುಗಳಲ್ಲಿ ಇವೇ ಅಧಿಕ. ಇವು ಎಲ್ಲಿಂದ ಎಲ್ಲಿಗೆ ಹೋಗುವುವೆಂಬುದು ಆಗ ಬರಿಯ ಕುತೂಹಲದ ಪ್ರಶ್ನೆಯಾಗಿ ಉಳಿಯಲಿಲ್ಲ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡುವು. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ವಿಶ್ರಮಿಸಿ, ಸುತ್ತಣ ಹೊಲಗಳಲ್ಲಿ ಮೇಯ್ದು, ಬೇಸಗೆ ಬಲಿಯುವ ಮುನ್ನವೇ ಅವು ಉತ್ತರಕ್ಕೆ ಮುಖಮಾಡುವುವು.