ಪ್ರೋಬ್ ಯಾರ ಕೈಗೆ?

ಅಪಘಾತದಲ್ಲಿ ಸಿಕ್ಕವನ ಮೈಮೇಲೆ ದೊಡ್ಡ ಗಾಯವಿಲ್ಲ, ಬಿಪಿ ಮಾತ್ರ ಇಳಿಯುತ್ತಲೇ ಇದೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ? ಅದನ್ನು ತಿಳಿಯಲು 1965ರಲ್ಲಿ ಅಮೆರಿಕದ ರೂಟ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು. ಹೊಕ್ಕುಳ ಕೆಳಗೆ ಸಣ್ಣದಾಗಿ ಕೊಯ್ದು ನಳಿಕೆ ತೂರಿಸುವುದು, ಸಲೈನ್ ಒಳಬಿಡುವುದು, ಬಾಟಲಿಯನ್ನು ನೆಲಕ್ಕಿಳಿಸಿ ಅದನ್ನು ವಾಪಸ್ ಹರಿಸಿಕೊಳ್ಳುವುದು. ಪ್ರಯೋಗಾಲಯದಲ್ಲಿ ಎಣಿಸಿದಾಗ ಘನ ಮಿಲಿಮೀಟರಿಗೆ 1 ಲಕ್ಷ ಕೆಂಪುಕಣ ದಾಟಿದ್ದರೆ ರಕ್ತಸ್ರಾವ ಖಚಿತ ಎಂಬ ಲೆಕ್ಕ ಬಳಕೆಗೆ ಬಂತು. ಅಷ್ಟು ಪುರುಸೊತ್ತಿಲ್ಲದವರು ನಳಿಕೆಯ ಹಿಂದೆ ದಿನಪತ್ರಿಕೆ ಹಿಡಿಯುತ್ತಿದ್ದರು. ಅಕ್ಷರ ಕಾಣಿಸದಿದ್ದರೆ ನೇರ ಆಪರೇಷನ್ ಥಿಯೇಟರಿಗೆ! ಪರೀಕ್ಷೆ ಬಲು ಸೂಕ್ಷ್ಮ, ತೊಂದರೆಯೂ ಅದೇ. ತಾನಾಗಿಯೇ ನಿಲ್ಲಬಹುದಾಗಿದ್ದ ರಕ್ತಕ್ಕೂ ಹೊಟ್ಟೆ ತೆರೆದದ್ದುಂಟು.

ಅಲ್ಟ್ರಾಸೌಂಡ್ ಆಗ ಹೊಸದೇನಲ್ಲ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲೇ, ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋಗಿ, ಲೋಹದ ಬಿರುಕು ಹುಡುಕುವ ಯಂತ್ರದಲ್ಲಿ ಪರೀಕ್ಷಿಸಿದ್ದರು. 1958ರಲ್ಲಿ ಅವರ ಲೇಖನ ‘ಲ್ಯಾನ್ಸೆಟ್’ನಲ್ಲಿ ಬಂತು. ಆದರೂ ಎಮರ್ಜೆನ್ಸಿ ವಾರ್ಡಿಗೆ ಯಂತ್ರ ಬರಲು ದಶಕಗಳೇ ಹಿಡಿದವು.

ಮೊದಲು ಕೈಹಾಕಿದವರು ಯುರೋಪಿನವರು. ಜರ್ಮನಿಯಲ್ಲಂತೂ 1988ರಿಂದ ಶಸ್ತ್ರಚಿಕಿತ್ಸಕರ ತರಬೇತಿಯಲ್ಲೇ ಅಲ್ಟ್ರಾಸೌಂಡ್ ಕಡ್ಡಾಯವಾಯಿತು. ಅಮೆರಿಕದಲ್ಲಿ 1990ರ ದಶಕದಲ್ಲಿ ಅಟ್ಲಾಂಟಾದ ಶಸ್ತ್ರಚಿಕಿತ್ಸಕಿ ಗ್ರೇಸ್ ರೋಜಿಕಿ ಮುಂತಾದವರು ಬೆಳೆಸಿದ ‘ಫಾಸ್ಟ್’ ಪರೀಕ್ಷೆ ನೋಡುವುದು ನಾಲ್ಕೇ ಜಾಗ: ಹೃದಯದ ಸುತ್ತ, ಯಕೃತ್ತು–ಬಲ ಮೂತ್ರಪಿಂಡದ ನಡುವೆ, ಗುಲ್ಮದ ಬಳಿ, ಕಿಬ್ಬೊಟ್ಟೆಯಲ್ಲಿ. ಯಕೃತ್ತಿಗೂ ಮೂತ್ರಪಿಂಡಕ್ಕೂ ನಡುವೆ ಕಪ್ಪು ಪಟ್ಟಿ ಮೂಡಿದರೆ ಅದು ರಕ್ತವೆಂದೇ ಅನುಮಾನ. ಕೊಯ್ಯಬೇಕಿಲ್ಲ, ಕೆಲವೇ ನಿಮಿಷದ ಕೆಲಸ. ಹಾಗೆಂದು ಪಟ್ಟಿ ಕಾಣದಿದ್ದರೆ ಪೆಟ್ಟೇ ಇಲ್ಲ ಎನ್ನುವಂತಿಲ್ಲ. ಸ್ವಲ್ಪ ರಕ್ತ ಕಣ್ತಪ್ಪಿಸಿಕೊಳ್ಳುತ್ತದೆ.

ಇದು ತಮ್ಮ ಕೆಲಸವೆಂದು ರೇಡಿಯಾಲಜಿಸ್ಟರು ತಕರಾರು ತೆಗೆದರು. ಸರಿಯಾಗಿ ತರಬೇತಾದ ಯಾವ ವೈದ್ಯರಾದರೂ ಮಾಡಬಹುದೆಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1999ರಲ್ಲಿ ಹೇಳಿತು. ಅದೇ ವರ್ಷ ಸೇನಾ ಸಂಶೋಧನೆಯ ಹಣದಿಂದ ಹುಟ್ಟಿದ, ಕೈಯಲ್ಲಿ ಹೊತ್ತೊಯ್ಯಬಹುದಾದ ‘ಸೋನೋಸೈಟ್ 180’ ಮಾರುಕಟ್ಟೆಗೆ ಬಂತು. ಯಂತ್ರ ಹಗುರಾಯಿತು, ಕಲಿಕೆ ಹಗುರಾಗಲಿಲ್ಲ. ಅಲ್ಲಿನ ತುರ್ತು ವೈದ್ಯರ ಸಂಘ ಒಂದೊಂದು ಬಗೆಯ ಪರೀಕ್ಷೆಗೂ 25ರಿಂದ 50 ಸ್ಕ್ಯಾನ್‌ಗಳ ಅಭ್ಯಾಸ ಬೇಕೆಂದಿತು.

ಭಾರತದಲ್ಲಿ ತುರ್ತು ವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಾಗಿ ಮೆಡಿಕಲ್ ಕೌನ್ಸಿಲ್‌ನ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಅಷ್ಟರಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಜಾರಿಯಲ್ಲಿತ್ತು. ಕಾಯ್ದೆಗೆ ಸಕಾರಣವಿತ್ತು. ಆದರೆ ಬೈಕಿನಿಂದ ಬಿದ್ದ ಹುಡುಗನ ಹೊಟ್ಟೆ ನೋಡಲು ಇಟ್ಟ ಯಂತ್ರವನ್ನೂ ಆಸ್ಪತ್ರೆ ಅದರಡಿ ನೋಂದಾಯಿಸಲೇಬೇಕು.